ಸ್ಲ್ಯಾಬ್ ಹಾಕುವ ಮೊದಲೇ ಕೇಳಬೇಕಾದದ್ದು: ಶಾಲೆಯ ಹೊಸ ರಂಗಮಂದಿರಕ್ಕೆ ಏನು ಬೇಕು, ಏನು ಬೇಡ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕ, ನಾಟಕ ಮಾಡಿಸುವವನೂ ನಾನೇ. 300 ಮಕ್ಕಳು ಕೂರುವ ರಂಗಮಂದಿರ ಕಟ್ಟಿಸಲು ಆಡಳಿತ ಮಂಡಳಿ ಒಪ್ಪಿದೆ. ನಕ್ಷೆಯಲ್ಲಿ ಪ್ರೇಕ್ಷಕರ ಹಾಲ್ 60 ಅಡಿ ಉದ್ದ, 45 ಅಡಿ ಅಗಲ, 14 ಅಡಿ ಎತ್ತರ ಇದೆ. ತುದಿಯಲ್ಲಿ 20 ಅಡಿ ಅಗಲ, 12 ಅಡಿ ಆಳದ ವೇದಿಕೆ, ಅದರ ಎರಡೂ ಪಕ್ಕ ಒಂದೊಂದು ಕೋಣೆ. ಲೈಟು, ಸೌಂಡು ಆಮೇಲೆ ನೋಡೋಣ ಅಂತ ಇಂಜಿನಿಯರ್ ಹೇಳುತ್ತಾರೆ. ಇತ್ತ ಒಬ್ಬ ಅಂಗಡಿಯವರು ಈಗಾಗಲೇ ಕೊಟೇಶನ್ ಕೊಟ್ಟಿದ್ದಾರೆ: ತಿರುಗುವ ಲೈಟು 8, ಎಲ್‌ಇಡಿ ಪಾರ್ (ಬೆಳಕು ಅಗಲಕ್ಕೆ ಹರಡುವ ಲೈಟು) 24, ಹೊಗೆ ಯಂತ್ರ 2, ದೊಡ್ಡ ಸ್ಪೀಕರ್ 4. ನಾನು ಈಗ ಯಾವುದಕ್ಕೆ ಹಟ ಹಿಡಿಯಬೇಕು?

ಉತ್ತರ: ಗುರುಗಳೇ, ಮೊದಲು ಆ ಕೊಟೇಶನ್ ಮಡಚಿ ಟೇಬಲ್ ಡ್ರಾದಲ್ಲಿ ಇಡಿ. ಲೈಟು ಇವತ್ತಲ್ಲ ಮುಂದಿನ ವರ್ಷ ತಂದರೂ ನಡೆಯುತ್ತದೆ. ಗ್ಯಾದರಿಂಗ್ (ವಾರ್ಷಿಕೋತ್ಸವ) ಬಂತು ಅಂದ್ರೆ ಕಲಬುರಗಿಯಿಂದ ಬಾಡಿಗೆಗೂ ತರಿಸಬಹುದು. ಆದರೆ 14 ಅಡಿಗೆ ಸ್ಲ್ಯಾಬ್ ಬಿದ್ದ ಮೇಲೆ ಅದನ್ನು 20 ಅಡಿಗೆ ಎತ್ತೋಕೆ ಯಾರ ಕೈಲೂ ಆಗುವುದಿಲ್ಲ. ನಾನು ಹೇಳುವುದೆಲ್ಲ ಈ ಒಂದೇ ಲೆಕ್ಕದ ಮೇಲೆ ನಿಂತಿದೆ. ಎತ್ತರ, ವೇದಿಕೆ ಪಕ್ಕದ ಜಾಗ, ಮೇಲಿನ ಕೊಕ್ಕೆ, ಗೋಡೆಯೊಳಗಿನ ಪೈಪು, ಬಾಗಿಲು, ಇವು ಕಟ್ಟಡದ ಜೊತೆಗೇ ಬರಬೇಕಾದವು. ಕೈಲಿರುವ ದುಡ್ಡು ಮೊದಲು ಇವಕ್ಕೆ ಹೋಗಲಿ. ಸಾಮಾನು ಒಂದೊಂದಾಗಿ ಬರುತ್ತದೆ.

ಇನ್ನೊಂದು ಮಾತು. ಆ ಹಾಲಿನಲ್ಲಿ ವರ್ಷವಿಡೀ ಏನೇನು ನಡೆಯುತ್ತದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನಾಟಕ ಎಷ್ಟು ಸಲ, ಡ್ಯಾನ್ಸ್ ಎಷ್ಟು ಸಲ, ಪರೀಕ್ಷೆ, ಪಾಲಕರ ಸಭೆ, ಮಳೆಗಾಲದ ಪ್ರಾರ್ಥನೆ, ಯೋಗ. ಮುಖ್ಯವಾಗಿ, ಯಾವ ಹೊತ್ತಿಗೆ? ಹಳ್ಳಿಯಿಂದ ಬರುವ ಮಕ್ಕಳಿಗೆ ಸಂಜೆ ಬಸ್ಸು ತಪ್ಪಿದರೆ ಕಷ್ಟ, ಹಾಗಾಗಿ ನಿಮ್ಮ ಕಡೆ ಶಾಲಾ ನಾಟಕ ಜಾಸ್ತಿ ಹಗಲಿನಲ್ಲೇ ಆಗುತ್ತದೆ. ಹನ್ನೊಂದು ಗಂಟೆ ಬಿಸಿಲು ಕಿಟಕಿಯಿಂದ ನೇರ ವೇದಿಕೆಗೆ ಬೀಳುತ್ತಿದ್ದರೆ ನೀವು ಎಷ್ಟು ಲಕ್ಷದ ಲೈಟು ಹಾಕಿದರೂ ಅದು ಕಾಣುವುದೇ ಇಲ್ಲ. ಕತ್ತಲು ಮಾಡೋಕೆ ಆಗುವ ಹಾಲ್ ಬೇಕು ಅನ್ನುವುದು ನಿಮ್ಮ ಪಟ್ಟಿಯ ಮೊದಲ ಸಾಲಾಗಲಿ. ದೊಡ್ಡ ಕಿಟಕಿ ಬೇಡ. ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಇರಲಿ, ಅದಕ್ಕೆ ಓರೆ ಪಟ್ಟಿ ಕೂರಿಸಿ ಒಳಮೈಗೆ ಕಪ್ಪು ಬಣ್ಣ ಹೊಡೆಸಿ, ಹೊರಗೆ ಜಾಳಿಗೆ ಹಾಕಿಸಿ. ಜಾಳಿಗೆ ಮರೆತರೆ ಆರು ತಿಂಗಳಲ್ಲಿ ಲೈಟಿನ ಪೈಪಿನ ಮೇಲೆ ಪಾರಿವಾಳಗಳ ಸಂಸಾರ ಶುರುವಾಗುತ್ತದೆ.

ಈಗ ವೇದಿಕೆ. 20 ಅಡಿಗೆ 12 ಅಡಿ ಅಂದರೆ ಅದು ಭಾಷಣದ ಕಟ್ಟೆ, ರಂಗ ಅಲ್ಲ. ಹನ್ನೆರಡು ಅಡಿ ಆಳದಲ್ಲಿ ಹಿಂಪರದೆಗೆ ಒಂದೂವರೆ ಅಡಿ, ಅದರ ಹಿಂದೆ ಓಡಾಡೋಕೆ ಎರಡೂವರೆ ಅಡಿ, ಮುಂದಿನ ಪರದೆಗೆ ಒಂದು ಅಡಿ ಹೋದರೆ ಉಳಿಯುವುದು ಏಳು ಅಡಿ. ಅದರಲ್ಲಿ ಒಂದು ಸಿಂಹಾಸನ ಇಟ್ಟರೆ ಮಂತ್ರಿ ನಿಲ್ಲೋಕೆ ಜಾಗ ಇಲ್ಲ.

ನಿಮ್ಮ ಕಟ್ಟಡದ ಅಗಲ 45 ಅಡಿ ತಾನೇ? ಆ ಎರಡು ಪಕ್ಕದ ಕೋಣೆಗಳನ್ನು ಕಿತ್ತು ಹಿಂದಕ್ಕೆ ಹಾಕಿಸಿ. ಆಗ ಪ್ರೇಕ್ಷಕರಿಗೆ ಕಾಣುವ ತೆರೆಬಾಯಿ 25 ಅಡಿ, ಎರಡೂ ಕಡೆ ಹತ್ತತ್ತು ಅಡಿ ಸೈಡ್ ವಿಂಗ್ ಸಿಗುತ್ತದೆ. ಆಳ 24 ಅಡಿ ಕೇಳಿ. ದುಡ್ಡು ಸಾಲದು ಅಂದರೆ ಹಾಲನ್ನು 60ರಿಂದ 54 ಅಡಿಗೆ ಇಳಿಸಲಿ. ಓಣಿ ದಾರಿ ಸೇರಿಸಿ ಒಂದು ಮಗುವಿಗೆ ಎಂಟು ಚದರ ಅಡಿ ಹಿಡಿದರೂ 300 ಮಕ್ಕಳು ಕೂರುತ್ತಾರೆ. ವಿಂಗ್ ಜಾಗ ಮಾತ್ರ ಬಿಟ್ಟುಕೊಡಬೇಡಿ. ನಾಟಕದಲ್ಲಿ ಕಾಯುತ್ತಿರುವ ಮಕ್ಕಳು, ಮುಂದಿನ ದೃಶ್ಯದ ಮಂಚ, ಡ್ಯಾನ್ಸಿಗೆ ಸಾಲು ಹಚ್ಚಿ ನಿಂತ ಎಂಟನೇ ಕ್ಲಾಸಿನ ಹುಡುಗಿಯರು, ಅವರ ಹಿಂದೆ ಪಿನ್ನು ಹಿಡಿದು ನಿಂತ ಟೀಚರ್, ಎಲ್ಲರೂ ಇರುವುದು ಅಲ್ಲೇ.

ನಿಮ್ಮ ಭಾಗದಲ್ಲಿ ದೊಡ್ಡಾಟ ಇನ್ನೂ ಉಸಿರಾಡುತ್ತಿದೆ. ಮಕ್ಕಳಿಂದ ಒಂದು ಪ್ರಸಂಗವನ್ನಾದರೂ ನೀವು ಮಾಡಿಸದೇ ಇರುವುದಿಲ್ಲ. ಕಿರೀಟ, ಭುಜಕೀರ್ತಿ ಕಟ್ಟಿದ ವೇಷ ಮೂರು ಅಡಿ ಸಂದಿಯಲ್ಲಿ ನೇರ ಬರೋಕೆ ಆಗದು, ಅಡ್ಡಡ್ಡ ತಿರುಗಿ ಬರಬೇಕಾಗುತ್ತದೆ. ರಾವಣ ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತಾ ಪ್ರವೇಶ ಮಾಡಿದರೆ ಜನ ನಗದೆ ಇರ್ತಾರಾ? ಪಕ್ಕದ ಪರದೆಗಳ ನಡುವೆ ಐದು ಅಡಿ ಬಿಡಿ. ಗ್ರೀನ್ ರೂಮಿನಿಂದ ವೇದಿಕೆಗೆ ಬರುವ ಬಾಗಿಲು ಏಳಡಿ ಸಾಲದು, ಎಂಟು ಅಡಿ ಎತ್ತರ ಮಾಡಿಸಿ. ಹಿಮ್ಮೇಳ ಕೂರೋಕೂ ಒಂದು ಜಾಗ ಯೋಚಿಸಿ, ಅಲ್ಲಿಗೆ ಮೈಕಿನ ಪಾಯಿಂಟ್ ಬೇಕು.

ದೊಡ್ಡ ರಂಗಮಂದಿರಗಳಲ್ಲಿ ವೇದಿಕೆಯ ಮೇಲೆ ಎತ್ತರದ ಗೋಪುರ ಕಟ್ಟಿ ಪರದೆಗಳನ್ನು ನೇರ ಮೇಲೆ ಎಳೆದುಬಿಡುತ್ತಾರೆ. ಅದಕ್ಕೆ ತೆರೆಬಾಯಿಯ ಎತ್ತರದ ಸುಮಾರು ಎರಡೂವರೆ ಪಟ್ಟು ಎತ್ತರ ಬೇಕು. ನಿಮಗೆ ಬೇಡವೇ ಬೇಡ. ಕಂಪನಿ ನಾಟಕದವರು ತಲೆಮಾರುಗಳಿಂದ ಜಾತ್ರೆಯ ತಗಡಿನ ಥಿಯೇಟರಿನಲ್ಲಿ ಈ ಕೆಲಸ ಮಾಡಿಲ್ವಾ? ಅರಮನೆ, ಕಾಡು, ಬೀದಿ, ಎಲ್ಲ ಸುರುಳಿ ಪರದೆ. ಕೆಳಗೆ ಒಂದು ಉದ್ದನೆ ಬೊಂಬು, ಎರಡು ಹಗ್ಗ, ಎಳೆದರೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಮೇಲೆ ಒಂದೂವರೆ ಅಡಿ ಜಾಗ ಇದ್ದರೆ ಸಾಕು. ಶರಣಬಸವೇಶ್ವರ ಜಾತ್ರೆಗೆ ಕಲಬುರಗಿಗೆ ಹೋದಾಗ ಯಾವುದಾದರೂ ಕಂಪನಿ ಕ್ಯಾಂಪ್ ಇದ್ದರೆ, ನಾಟಕ ನೋಡುವುದರ ಜೊತೆಗೆ ನಿಮ್ಮ ಇಂಜಿನಿಯರನ್ನೂ ಕರೆದುಕೊಂಡು ಪರದೆಯ ಹಿಂದೆ ಹೋಗಿ ನೋಡಿ. ಮೋಟರ್ ಪರದೆ ಮಾರುವವರು ಇದನ್ನು ನಿಮಗೆ ಹೇಳಲ್ಲ.

ಎತ್ತರದ ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಡಳಿತ ಮಂಡಳಿ ಮುಂದೆ ನೀವು ಜಗಳ ಆಡಬೇಕಾಗುವುದು ಇದಕ್ಕೇ. ಹಾಲ್ 14 ಅಡಿ, ವೇದಿಕೆ 3 ಅಡಿ ಎತ್ತರ ಅಂದರೆ ವೇದಿಕೆ ಮೇಲೆ ಉಳಿಯುವುದು 11 ಅಡಿ. ಲೈಟು ಕಟ್ಟುವ ಪೈಪು ಒಂದು ಅಡಿ ಕೆಳಗೆ, ಅದರಿಂದ ಲೈಟು ಒಂದೂವರೆ ಅಡಿ ಕೆಳಗೆ ನೇತಾಡುತ್ತದೆ. ಎಂಟೂವರೆ ಅಡಿ. ಕಿರೀಟದ ಹುಡುಗ ಗದೆ ಎತ್ತಿದರೆ ಲೈಟಿಗೇ ಬಡಿಯುತ್ತದೆ.

ಮುಖಕ್ಕೆ ಬೆಳಕು ಸುಮಾರು 45 ಡಿಗ್ರಿ ಓರೆಯಲ್ಲಿ ಬಂದರೆ ಕಣ್ಣು, ಮೂಗು ಸರಿಯಾಗಿ ಕಾಣುತ್ತವೆ. ನೆತ್ತಿಯ ಮೇಲಿಂದ ನೇರ ಬಿದ್ದರೆ ಕಣ್ಣಿನ ಗುಳಿ ಕಪ್ಪಾಗಿ ಎಲ್ಲರೂ ದೆವ್ವದ ಪಾತ್ರದ ಥರ ಕಾಣುತ್ತಾರೆ. ಎದುರಿನಿಂದ ಸಪಾಟಾಗಿ ಬಂದರೆ ಮುಖ ಚಪ್ಪಟೆ ಆಗಿ, ಹಿಂಪರದೆ ಮೇಲೆ ದೊಡ್ಡ ನೆರಳು ಬೀಳುತ್ತದೆ. ಈಗ ಲೆಕ್ಕ ಹಾಕಿ. ತೊಲೆಯ ಕೆಳಗೆ 20 ಅಡಿ ಸಿಕ್ಕರೆ ಹಾಲಿನ ಪೈಪು ನೆಲದಿಂದ 18 ಅಡಿಗೆ ಬರುತ್ತದೆ, ಅಂದರೆ ವೇದಿಕೆ ಮಟ್ಟದಿಂದ 15. ಮಗುವಿನ ಮುಖ ನಾಲ್ಕಡಿಗೆ ಇರುತ್ತದೆ. ವ್ಯತ್ಯಾಸ 11 ಅಡಿ. 45 ಡಿಗ್ರಿಗೆ ಎತ್ತರ ಎಷ್ಟೋ ದೂರವೂ ಅಷ್ಟೇ. ಹಾಗಾಗಿ ಮೊದಲ ಪೈಪು ವೇದಿಕೆಯ ಅಂಚಿನಿಂದ 11 ಅಡಿ ಮುಂದೆ, ಪ್ರೇಕ್ಷಕರ ತಲೆಯ ಮೇಲೆ ಬರಬೇಕು. ಬಹಳಷ್ಟು ಶಾಲೆಗಳಲ್ಲಿ ಇರದೇ ಇರುವುದು ಇದೇ ಪೈಪು. ವೇದಿಕೆ ಒಳಗೆ ಲೈಟು ತುಂಬಿರುತ್ತವೆ, ಮುಂದೆ ಬಂದು ಮಾತಾಡುವ ಮಗುವಿನ ಮುಖ ಕತ್ತಲೆ. ವೇದಿಕೆಯ ಒಳಗೆ ಇನ್ನು ಮೂರು ಪೈಪು ಸಾಕು, ಏಳು ಏಳು ಅಡಿ ಅಂತರದಲ್ಲಿ.

ಪೈಪು ಅಂದರೆ ನಮ್ಮ ಕಡೆ ಅಂಗಡಿಯಲ್ಲಿ ಒಂದೂವರೆ ಇಂಚಿನದು ಅಂತ ಸಿಗುವ ದಪ್ಪ ಗೋಡೆಯ ಜಿಐ ಪೈಪು. ಅದರ ಹೊರ ಅಳತೆ 48 ಮಿಲಿಮೀಟರ್ ಇರುತ್ತದೆ, ಲೈಟಿನ ಕ್ಲ್ಯಾಂಪುಗಳು ಅದಕ್ಕೇ ಕೂರುತ್ತವೆ. ಭಾರಕ್ಕೆ ಪೈಪಿನ ಒಂದು ಅಡಿಗೆ 15 ಕೆಜಿ ಅಂತ ಇಂಜಿನಿಯರಿಗೆ ಬರೆದುಕೊಡಿ. 30 ಅಡಿ ಪೈಪಿಗೆ 450 ಕೆಜಿ. ಅದನ್ನು ನಾಲ್ಕು ಕಡೆ ಹಿಡಿಯುವ ಕೊಕ್ಕೆಗಳು ಸ್ಲ್ಯಾಬಿನ ಕಬ್ಬಿಣಕ್ಕೆ ಕಟ್ಟಿಕೊಂಡೇ ಕಾಂಕ್ರೀಟ್ ಒಳಗೆ ಹೋಗಬೇಕು. ಬಾಯಲ್ಲಿ ಹೇಳಿದರೆ ಸಾಲದು, ನಕ್ಷೆಯಲ್ಲಿ ಅಳತೆ ಸಮೇತ ಗುರುತು ಇರಲಿ. ಒಂದು ಶಾಲೆಯಲ್ಲಿ ನಾನೇ ನೋಡಿದ್ದೇನೆ, ಫ್ಯಾನಿನ ಕೊಕ್ಕೆಗೆ ಬೈಂಡಿಂಗ್ ತಂತಿಯಲ್ಲಿ ಬೊಂಬು ಕಟ್ಟಿ, ಅದಕ್ಕೆ ಆರು ಲೈಟು ನೇತುಹಾಕಿ, ಕೆಳಗೆ ಒಂದನೇ ಕ್ಲಾಸಿನ ಮಕ್ಕಳನ್ನು ಕೂರಿಸಿದ್ದರು. ಮುಖ್ಯ ಅತಿಥಿ ಭಾಷಣ ಮಾಡುತ್ತಿದ್ದರು, ನಾನು ಬೊಂಬನ್ನೇ ನೋಡುತ್ತಿದ್ದೆ. ಪ್ರತಿ ಲೈಟಿಗೂ ಕ್ಲ್ಯಾಂಪಲ್ಲದೆ ಇನ್ನೊಂದು ಉಕ್ಕಿನ ಸುರಕ್ಷತಾ ತಂತಿ ಇರಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಅಷ್ಟು ಮೇಲೆ ಲೈಟು ತಿರುಗಿಸುವವರು ಹೇಗೆ ಹತ್ತುತ್ತಾರೆ ಅನ್ನುವುದನ್ನೂ ಈಗಲೇ ಯೋಚಿಸಿ. ಚಕ್ರದ ಸ್ಕ್ಯಾಫೋಲ್ಡಿಂಗ್ ಇಟ್ಟುಕೊಳ್ಳಿ, ಅದು ಹಾಯುವಷ್ಟು ಅಗಲದ ಬಾಗಿಲು ಇರಲಿ, ಮೊದಲ ಪೈಪಿನ ಕೆಳಗಿನ ನೆಲ ಸಪಾಟಾಗಿರಲಿ. ಮಕ್ಕಳನ್ನು ಮಾತ್ರ ಹತ್ತಿಸಬೇಡಿ.

ಕೂರುವ ವ್ಯವಸ್ಥೆ: ಮುಂದಿನ ಅರ್ಧ ಸಪಾಟು, ಹಿಂದಿನ ಅರ್ಧ ಮೆಟ್ಟಿಲು ಮೆಟ್ಟಿಲಾಗಿ ಏರಲಿ. ಮುಂದೆ ಚಿಕ್ಕವರು ಜಮಖಾನೆ ಮೇಲೆ ಕೂರುತ್ತಾರೆ, ಪರೀಕ್ಷೆಗೆ ಬೆಂಚ್ ಹಾಕೋಕೂ ಆಗುತ್ತದೆ. ನೆಲದ ಮೇಲೆ ಕೂತ ಮಗುವಿನ ಕಣ್ಣು ಎರಡು ಎರಡೂವರೆ ಅಡಿಗೆ ಇರುತ್ತದೆ, ಹಾಗಾಗಿ ವೇದಿಕೆ ಮೂರಡಿ ದಾಟಬಾರದು. ನಾಲ್ಕಡಿ ಮಾಡಿದರೆ ಗಂಭೀರವಾಗಿ ಕಾಣುತ್ತೆ ಅನ್ನುವವರು ಕಮಿಟಿಯಲ್ಲಿ ಒಬ್ಬರಾದರೂ ಇರುತ್ತಾರೆ. ಆಗ ಮುಂದೆ ಕೂತವರಿಗೆ ಕುಣಿಯುವವರ ಕಾಲೇ ಕಾಣಲ್ಲ ಅಂತ ಹೇಳಿ.

ವೇದಿಕೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಕುತ್ತೇವೆ ಅಂತ ಹೇಳುತ್ತಾರೆ, ಬರೆದಿಟ್ಟುಕೊಳ್ಳಿ. ನಮ್ಮಲ್ಲೇ ಸಿಗುತ್ತದೆ, ಅಗ್ಗ, ಚೆನ್ನಾಗಿಯೂ ಇರುತ್ತದೆ. ಹೊರಗಿನ ಪಡಸಾಲೆಗೆ, ಗ್ರೀನ್ ರೂಮಿಗೆ ಧಾರಾಳವಾಗಿ ಹಾಕಿ. ಆದರೆ ಬರಿಗಾಲಲ್ಲಿ ಗಂಟೆಗಟ್ಟಲೆ ಕುಣಿಯುವ ಮಕ್ಕಳ ಮಂಡಿಗೆ, ಹಿಮ್ಮಡಿಗೆ ಕಲ್ಲು ಒಳ್ಳೇದಲ್ಲ. ಅದಕ್ಕೆ ಮೊಳೆಯನ್ನೂ ಹೊಡೆಯೋಕೆ ಆಗಲ್ಲ. ಕಾಂಕ್ರೀಟ್ ಮೇಲೆ ರಬ್ಬರ್ ತುಂಡು, ಅದರ ಮೇಲೆ ಕಟ್ಟಿಗೆ ರೀಪು, ಮೇಲೆ 18 ಮಿಮೀ ಪ್ಲೈವುಡ್ ಎರಡು ಪದರ ಜೋಡು ತಪ್ಪಿಸಿ, ಎಲ್ಲಕ್ಕಿಂತ ಮೇಲೆ ಸ್ಕ್ರೂ ಬಿಚ್ಚಿ ಬದಲಾಯಿಸಬಹುದಾದ ತೆಳು ಹಲಗೆ, ಅದಕ್ಕೆ ಮಿಂಚದ ಕಪ್ಪು ಬಣ್ಣ. ರೀಪುಗಳ ನಡುವಿನ ಖಾಲಿಯಲ್ಲಿ ಗ್ಲಾಸ್‌ವೂಲ್ ತುಂಬಿಸಿ. ಇಲ್ಲಾಂದ್ರೆ ದೊಡ್ಡಾಟದ ಹೆಜ್ಜೆಗೆ ವೇದಿಕೆಯೇ ಡೋಲಿನ ಹಾಗೆ ಬಡಿದುಕೊಂಡು ಮಾತು ಕೇಳಿಸಲ್ಲ. ಗೆದ್ದಲಿನ ಔಷಧಿ ಪಾಯದಲ್ಲೇ ಆಗಬೇಕು.

ಇನ್ನು ಶಬ್ದ. ಜನ ಲೈಟಿಗೆ ತಲೆ ಕೆಡಿಸಿಕೊಳ್ಳುತ್ತಾರೆ, ಆದರೆ ಶಾಲಾ ಹಾಲುಗಳು ಸೋಲುವುದು ಇಲ್ಲಿ. ಹೊಸದಾಗಿ ಕಟ್ಟಿದ ಯಾವುದಾದರೂ ಖಾಲಿ ಕಲ್ಯಾಣ ಮಂಟಪಕ್ಕೆ ಹೋಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಗುಂಯ್ ಅಂತ ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ನಿಮ್ಮಂಥ ಹಾಲಿನಲ್ಲಿ ಆ ಅನುರಣನ ಒಂದು ಸೆಕೆಂಡಿನ ಆಸುಪಾಸು ಇರಬೇಕು. ಎರಡು ಸೆಕೆಂಡ್ ಆದರೆ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಆಗ ಎಲ್ಲರೂ ಮಾಡುವುದು ಏನು? ವಾಲ್ಯೂಮ್ ಜಾಸ್ತಿ. ಅದರಿಂದ ಗದ್ದಲ ಜಾಸ್ತಿ ಆಗುತ್ತದೆ, ಮಾತು ಸ್ಪಷ್ಟ ಆಗಲ್ಲ.

ಇದಕ್ಕೆ ಸಬೈನ್ ಸೂತ್ರ ಅಂತ ಒಂದಿದೆ, ಅಡಿ ಲೆಕ್ಕದಲ್ಲಿ ಹೇಳುತ್ತೇನೆ. ಹಾಲಿನ ಘನ ಅಡಿಯನ್ನು 0.049ರಿಂದ ಗುಣಿಸಿ, ಒಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಸೆಕೆಂಡು ಬರುತ್ತದೆ. ನಿಮ್ಮ ಹಾಲ್ 60, 45, 20 ಅಂದರೆ 54,000 ಘನ ಅಡಿ. ಗುಣಿಸಿದರೆ 2,646. ನೆಲ, ಚಾವಣಿ, ನಾಲ್ಕು ಗೋಡೆ ಸೇರಿ 9,600 ಚದರ ಅಡಿ. ಕಲ್ಲು, ಸಿಮೆಂಟ್ ಗಿಲಾಯಿ ಎಲ್ಲ ಬಿದ್ದ ಸದ್ದಿನ ನೂರಕ್ಕೆ ಎರಡು ಮೂರು ಪಾಲು ಮಾತ್ರ ಹೀರುತ್ತವೆ, ಮೂರು ಹಿಡಿಯೋಣ. ಒಟ್ಟು ಹೀರಿಕೆ 288. ಅಂದರೆ ಖಾಲಿ ಹಾಲಿನಲ್ಲಿ ಒಂಬತ್ತು ಸೆಕೆಂಡು! ಮಕ್ಕಳು ಬಂದು ಕೂತರೆ ತಲೆಗೆ ಸುಮಾರು ನಾಲ್ಕು ಚದರ ಅಡಿಯಷ್ಟು ಹೀರುತ್ತಾರೆ, 300 ಮಕ್ಕಳಿಗೆ 1,200. ಒಟ್ಟು 1,488, ಅನುರಣನ 1.8 ಸೆಕೆಂಡಿಗೆ ಇಳಿಯಿತು. ಒಂದು ಸೆಕೆಂಡಿಗೆ ತರಬೇಕಾದರೆ ಇನ್ನೂ ಸುಮಾರು 1,150 ಬೇಕು. ನೂರಕ್ಕೆ ಎಂಬತ್ತು ಹೀರುವ ಪ್ಯಾನೆಲ್ ಹಾಕಿದರೆ 1,400 ಚದರ ಅಡಿ ಚಿಲ್ಲರೆ. ವೇದಿಕೆಯ ದಪ್ಪ ಪರದೆಗಳೂ ಸ್ವಲ್ಪ ಹೀರುತ್ತವೆ, ಅದರಿಂದ ಇದು ಕೊಂಚ ಕಡಿಮೆ ಆದೀತು. ಇದು ಅಂದಾಜು ಲೆಕ್ಕ, ಆದರೆ ಮೀಟಿಂಗಿನಲ್ಲಿ ಬಾಯಿ ಮುಚ್ಚಿಸೋಕೆ ಸಾಕು.

ಎಲ್ಲಿ ಹಾಕಬೇಕು? ಮೊದಲು ಹಿಂದಿನ ಗೋಡೆ ಪೂರ್ತಿ. ಆಮೇಲೆ ಲೆಕ್ಕ ತುಂಬುವಷ್ಟು ಪಕ್ಕದ ಗೋಡೆಗಳ ಹಿಂದಿನ ಭಾಗ. ವೇದಿಕೆಯ ಹತ್ತಿರದ ಗೋಡೆ ಮತ್ತು ಮುಂದಿನ ಸಾಲುಗಳ ಮೇಲಿನ ಚಾವಣಿ ಗಟ್ಟಿಯಾಗೇ ಇರಲಿ, ಅವು ಮಕ್ಕಳ ದನಿಯನ್ನು ಹಿಂದಕ್ಕೆ ದಾಟಿಸುತ್ತವೆ. ಎಲ್ಲ ಕಡೆ ಮೆತ್ತೆ ಬಡಿಸಿಬಿಟ್ಟರೆ ಮೈಕಿಲ್ಲದೆ ಒಂದು ಸಾಲೂ ಕೇಳಿಸಲ್ಲ. ಪ್ಯಾನೆಲ್ ಅಂದರೆ ದುಬಾರಿಯದೇ ಆಗಬೇಕಿಲ್ಲ: ಕಟ್ಟಿಗೆ ಚೌಕಟ್ಟು, ಎರಡು ಇಂಚಿನ ರಾಕ್‌ವೂಲ್, ಮೇಲೆ ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿ ಒಣಗಿಸಿದ ಗೋಣಿ ಬಟ್ಟೆ. ಗೋಡೆಯಿಂದ ಎರಡಿಂಚು ಬಿಟ್ಟು ಕೂರಿಸಿದರೆ ಕೆಳದನಿಯನ್ನೂ ಚೆನ್ನಾಗಿ ಹೀರುತ್ತದೆ. ನಿಮ್ಮ ಊರಿನ ಹೆಣ್ಣುಮಕ್ಕಳು ಹೊಲಿದ ದಪ್ಪ ಕೌದಿಗಳನ್ನು ಹಿಂದಿನ ಗೋಡೆಗೆ ತೂಗುಹಾಕುವುದೂ ನನಗೆ ಇಷ್ಟದ ಉಪಾಯ. ನೋಡೋಕೂ ಚೆಂದ, ಹೀರೋಕೂ ಸರಿ. ಆದರೆ ಅವಕ್ಕೂ ಅದೇ ದ್ರಾವಣ ಬೇಕು, ಲೈಟಿನ ಹತ್ತಿರ ಸುಳಿಯಬಾರದು. ತತ್ತಿ ಟ್ರೇ, ಥರ್ಮೋಕೋಲ್ ಬೇಡವೇ ಬೇಡ. ಸದ್ದು ತಡೆಯಲ್ಲ, ಬೆಂಕಿಗೆ ಮಾತ್ರ ಹಬ್ಬ.

ಮೇಲೆ ತಗಡಿನ ಶೀಟ್ ಹಾಕೋಣ, ಉಳಿತಾಯ ಆಗುತ್ತೆ ಅಂತ ಯಾರಾದರೂ ಹೇಳಿದರೆ, ಜುಲೈನಲ್ಲಿ ಒಂದು ಜೋರು ಮಳೆ ಬರುವಾಗ ತಗಡಿನ ಕೆಳಗೆ ನಿಂತು ಅವರ ಹತ್ತಿರ ಮಾತಾಡಿಸಿ.

ಬಿಸಿಲು ಗೊತ್ತೇ ಇದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಆದರೆ ಆಗ ರಜೆ. ನಿಮಗೆ ನಿಜವಾದ ಪರೀಕ್ಷೆ ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನ. ಎಸಿಗೆ ದುಡ್ಡು ಸುರಿಯುವ ಮೊದಲು ಕಟ್ಟಡ ತಿರುಗಿಸಿ ನೋಡಿ: ಗ್ರೀನ್ ರೂಮು, ಸಾಮಾನಿನ ಕೋಣೆ ಪಶ್ಚಿಮಕ್ಕೆ ಬಂದರೆ ಸಂಜೆ ಬಿಸಿಲನ್ನು ಅವೇ ತಡೆಯುತ್ತವೆ. ಚಾವಣಿ ಮೇಲೆ ಬಿಳಿ ಚೈನಾ ಮೊಸಾಯಿಕ್ (ಟೈಲ್ಸ್ ಚೂರುಗಳ ಹಾಸು). ಕೂಲರ್ ಬೇಕಾದರೆ ಹೊರಗೆ ಇಟ್ಟು ಅಗಲವಾದ ಡಕ್ಟಿನಲ್ಲಿ ನಿಧಾನ ಗಾಳಿ ತನ್ನಿ. ನಮ್ಮ ಒಣ ಹವೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕಿಟಕಿಗೆ ನೇರ ಕೂರಿಸಿದ ಕೂಲರ್ ಆದರೆ ಎರಡನೇ ಸಾಲಿನವರಿಗೂ ಸಂಭಾಷಣೆ ಕೇಳಿಸಲ್ಲ. ಫ್ಯಾನುಗಳ ಸ್ವಿಚ್ಚು ಲೈಟಿಗೆ ಕೂತಿರುವವರ ಕೈಯಲ್ಲಿರಲಿ, ಮೆಲುದನಿಯ ದೃಶ್ಯಕ್ಕೆ ಎರಡು ನಿಮಿಷ ಆರಿಸಬಹುದು.

ವಿದ್ಯುತ್ ವಿಷಯದಲ್ಲಿ ಎರಡೇ ಹಟ. ಒಂದು, ತ್ರೀ ಫೇಸ್ ಸಂಪರ್ಕ. ಹಳೆಯ ಸಾವಿರ ವ್ಯಾಟಿನ ಹ್ಯಾಲೊಜೆನ್ ಒಂದೊಂದೂ 4.3 ಆಂಪಿಯರ್ ಎಳೆಯುತ್ತದೆ, ಇಪ್ಪತ್ತನಾಲ್ಕು ಹಾಕಿದರೆ ನೂರು ದಾಟುತ್ತದೆ. ಎಲ್‌ಇಡಿಯಲ್ಲಿ ತಲಾ 200 ವ್ಯಾಟ್ ಅಂದರೂ ಒಟ್ಟು ಐದು ಕಿಲೋವ್ಯಾಟಿನೊಳಗೆ ಮುಗಿಯುತ್ತದೆ. ಆದರೂ ಬಾಡಿಗೆ ಲೈಟಿನವರು ಏನು ತರುತ್ತಾರೋ ಗೊತ್ತಿಲ್ಲ, ಕೂಲರೂ ಸೇರಿಕೊಳ್ಳುತ್ತದೆ. ಜೆಸ್ಕಾಂಗೆ ಅರ್ಜಿ ಹಾಕುವಾಗಲೇ 25 ಕಿಲೋವ್ಯಾಟ್ ಲೆಕ್ಕ ಹಿಡಿಯಿರಿ. ಲೈಟಿಗೆ ಒಂದು, ಸೌಂಡಿಗೆ ಒಂದು ಬೇರೆ ಬೇರೆ ಸರ್ಕ್ಯೂಟ್, ಅರ್ಥಿಂಗ್ ಸರಿಯಾಗಿ, ವೇದಿಕೆಯ ಸಾಕೆಟ್ಟುಗಳಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು.

ಎರಡನೆಯದು ಖಾಲಿ ಪೈಪು. ಹಾಲಿನ ಹಿಂದಿನ ಕಂಟ್ರೋಲ್ ಜಾಗದಿಂದ ವೇದಿಕೆಯ ಎರಡೂ ವಿಂಗಿಗೆ, ಪ್ರತಿ ಲೈಟ್ ಪೈಪಿಗೆ ಎರಡಿಂಚಿನ ಕಾಂಡ್ಯೂಟ್, ಒಳಗೆ ಎಳೆಯೋಕೆ ನೈಲಾನ್ ಹಗ್ಗ ಬಿಟ್ಟು. ಮೈಕಿನ ತಂತಿಗೆ ಬೇರೆ, ಕರೆಂಟಿಗೆ ಬೇರೆ, ನಡುವೆ ಕನಿಷ್ಠ ಒಂದು ಅಡಿ. ಈ ಪೈಪು ನೆಲದಡಿ ಬೇಡ. ನಿಮ್ಮದು ಎರೆಮಣ್ಣು ತಾನೇ? ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನೆಲದ ಕೆಳಗಿನ ಪೈಪು ಜೋಡಿನಲ್ಲಿ ಬಿಟ್ಟುಕೊಂಡು ನೀರು, ಇಲಿ ಎರಡೂ ಸೇರಿಕೊಳ್ಳುತ್ತವೆ. ಗೋಡೆಯ ಮೇಲ್ಭಾಗದಲ್ಲೇ ಓಡಿಸಿ. ಬೀದರ್ ಕಡೆಯ ಕೆಂಪು ಕಲ್ಲಿನ ನೆಲದಲ್ಲಿ ಈ ಚಿಂತೆ ಇಲ್ಲ. ಅಲ್ಲಿ ನಡೆದದ್ದನ್ನು ನೋಡಿ ಇಲ್ಲಿ ನಕಲು ಮಾಡಬಾರದು, ಅಷ್ಟೇ.

ಲೈಟುಗಳಿಗೆ ಆದೇಶ ಹೋಗುವುದು ಡಿಎಂಎಕ್ಸ್ ಅನ್ನುವ ಒಂದು ಕೇಬಲ್ಲಿನಲ್ಲಿ. ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಸರಪಳಿಯಾಗಿ ಹೋಗಬೇಕು, ಕೊನೆಯ ಲೈಟಿಗೆ 120 ಓಮ್ ಪ್ಲಗ್ ಹಾಕಬೇಕು. ಎಲೆಕ್ಟ್ರಿಷಿಯನ್ ಇದನ್ನು ಮನೆ ವೈರಿಂಗ್ ಥರ ಮಧ್ಯದಲ್ಲಿ ಕವಲು ಒಡೆಸಿದರೆ ಲೈಟು ತಮ್ಮಷ್ಟಕ್ಕೇ ಮಿನುಗೋಕೆ ಶುರು ಮಾಡುತ್ತವೆ. ಕವಲು ಬೇಕೇ ಬೇಕಾದರೆ ಅದಕ್ಕೆ ಸ್ಪ್ಲಿಟರ್ ಅಂತ ಬೇರೆ ಪೆಟ್ಟಿಗೆ ಸಿಗುತ್ತದೆ. ಒಂದು ಸಾಲಿಗೆ 512 ಚಾನೆಲ್, ಅಂದರೆ ಅಷ್ಟು ಬೇರೆ ಬೇರೆ ಆದೇಶ, ನಿಮಗೆ ಧಾರಾಳ ಸಾಕು.

ಕಂಟ್ರೋಲ್ ಜಾಗವನ್ನು ಗಾಜು ಹಾಕಿ ಮುಚ್ಚಿಸಬೇಡಿ. ಸೌಂಡ್ ನೋಡುವವರಿಗೆ ಪ್ರೇಕ್ಷಕರು ಕೇಳಿದ್ದೇ ಕೇಳಬೇಕು. ಕೊನೆಯ ಸಾಲಿನ ಹಿಂದೆ ಒಂದು ಎತ್ತರದ ಕಟ್ಟೆ, ಮುಂದೆ ಬೀಗ ಹಾಕುವ ಅರ್ಧ ಬಾಗಿಲು, ಅಷ್ಟೇ.

ಬಾಗಿಲುಗಳ ವಿಷಯಕ್ಕೆ ಬರುತ್ತೇನೆ, ಇಲ್ಲಿ ತಮಾಷೆ ಇಲ್ಲ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಒಂದು ಶಾಲೆಯ ವಾರ್ಷಿಕ ಕಾರ್ಯಕ್ರಮ ನಡೆಯುತ್ತಿದ್ದಾಗ ಶಾಮಿಯಾನಕ್ಕೆ ಬೆಂಕಿ ಬಿತ್ತು. 400ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೇ ಬಹಳ. ಹೊರಗೆ ಹೋಗಲು ದಾರಿ ಸಾಲಲಿಲ್ಲ. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಹೋದದ್ದೂ ಹೊರಬರಲಾಗದೆಯೇ. ನಿಮ್ಮ ಹಾಲಿಗೆ ಎದುರುಬದುರು ಎರಡು ದೊಡ್ಡ ಬಾಗಿಲು, ವೇದಿಕೆಗೆ ಬೇರೆಯದೇ ಒಂದು. ಎಲ್ಲವೂ ಹೊರಕ್ಕೆ ತೆರೆಯಬೇಕು, ತಳ್ಳಿದರೆ ಸಾಕು ತೆರೆದುಕೊಳ್ಳುವ ಅಡ್ಡಪಟ್ಟಿ ಇರಬೇಕು. ಕಾರ್ಯಕ್ರಮ ನಡೆಯುವಾಗ ಹೊರಗಿನ ಹುಡುಗರು ನುಗ್ಗುತ್ತಾರೆ ಅಂತ ಚಿಲಕ ಹಾಕುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ನಿಲ್ಲಿಸೋದು ನಿಮ್ಮ ಕೆಲಸ. ಓಣಿ ದಾರಿಯಲ್ಲಿ ವಿಐಪಿ ಸೋಫಾ ಇಡುವುದನ್ನೂ. ಕರೆಂಟ್ ಹೋದರೂ ಉರಿಯುವ ಬ್ಯಾಟರಿ ದೀಪ ಪ್ರತಿ ಬಾಗಿಲ ಮೇಲೆ. ಪರದೆ ಬಟ್ಟೆ ಬೆಂಕಿ ನಿರೋಧಕ ಅಂತ ಪ್ರಮಾಣಪತ್ರ ಕೇಳಿ, ಕೇಳಿದ ಮೇಲೆ ಒಂದು ತುಂಡು ಕತ್ತರಿಸಿ ಹೊರಗೆ ಕಡ್ಡಿ ಗೀರಿ ನೀವೇ ನೋಡಿ. ನಕ್ಷೆಯನ್ನು ಈಗಲೇ ಅಗ್ನಿಶಾಮಕ ಇಲಾಖೆಗೆ ತೋರಿಸಿದರೆ ಆಮೇಲೆ ಗೋಡೆ ಒಡೆಯುವುದು ತಪ್ಪುತ್ತದೆ.

ಗ್ರೀನ್ ರೂಮು ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು, ಎರಡಕ್ಕೂ ಒಳಗಿಂದಲೇ ಶೌಚಾಲಯ ಮತ್ತು ನೀರು. ವೇಷ ಹಾಕಿಕೊಂಡ ಹುಡುಗಿ ಮೈದಾನ ದಾಟಿ ಹೋಗುವಂತೆ ಆಗಬಾರದು. ಗಾಲಿಕುರ್ಚಿಗೆ ಇಳಿಜಾರು ಹಾಲಿಗೆ ಮಾತ್ರ ಅಲ್ಲ, ವೇದಿಕೆಗೂ ಬೇಕು. ಒಂದಕ್ಕೆ ಹನ್ನೆರಡು ಅಂದರೆ ಮೂರಡಿ ಏರೋಕೆ 36 ಅಡಿ, ಅದನ್ನು ಹಿಂಬದಿಯ ಓಣಿಯಲ್ಲಿ ಮಡಚಿ ತರಬಹುದು.

ಈಗ ಡ್ರಾದಿಂದ ಆ ಕೊಟೇಶನ್ ತೆಗೆಯಿರಿ. ತಿರುಗುವ ಲೈಟು ಎಂಟನ್ನೂ ಹೊಡೆದುಹಾಕಿ. ಅವು ಡಿಜೆಗೆ, ಮೆರವಣಿಗೆಗೆ. ಒಳಗಿನ ಫ್ಯಾನು ಗುರ್ ಅನ್ನುತ್ತಿರುತ್ತದೆ, ಜೊತೆಗೆ ತೊಗರಿ ರಾಶಿಯ ಕಾಲದ ನಮ್ಮ ಧೂಳು ಆ ಫ್ಯಾನಿನಲ್ಲಿ ತುಂಬಿಕೊಂಡು ಎರಡೇ ವರ್ಷಕ್ಕೆ ಕೆಟ್ಟು ಕೂರುತ್ತವೆ. ಹೊಗೆ ಯಂತ್ರ ಒಂದು ಸಾಕು, ಅದೂ ಬಾಡಿಗೆಗೆ. ಪಾರ್ 24ರ ಬದಲು 12. ಉಳಿದ ದುಡ್ಡಿಗೆ ಮುಂದಿನ ಪೈಪಿಗೆ ಬೆಚ್ಚನೆ ಬಿಳಿಯ ಪ್ರೊಫೈಲ್ ಲೈಟು ಆರು. ಇವುಗಳ ಬೆಳಕನ್ನು ಕತ್ತರಿಸಿದ ಹಾಗೆ ಬೇಕಾದ ಜಾಗಕ್ಕೆ ಮಾತ್ರ ಬಿಡಬಹುದು. ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಅಂಗಡಿಯಲ್ಲಿ ಲೈಟನ್ನು ನಿಧಾನ ಸೊನ್ನೆಗೆ ಇಳಿಸಿ, ಕೊನೆಗೆ ಟಕ್ ಅಂತ ಆರಿದರೆ ಬೇಡ. ಮೊಬೈಲ್ ಕ್ಯಾಮೆರಾದಲ್ಲಿ ನೋಡಿ, ಪಟ್ಟಿ ಪಟ್ಟಿ ಓಡಿದರೆ ಬೇಡ, ಪಾಲಕರೆಲ್ಲ ವಿಡಿಯೋ ಮಾಡುವವರೇ.

ಸ್ಪೀಕರ್ ನಾಲ್ಕು ದೊಡ್ಡವು ಬೇಡ, ಮಧ್ಯಮ ಗಾತ್ರದ್ದು ಎರಡು. ವೇದಿಕೆ ಅಂಚಿಗಿಂತ ಮುಂದೆ, ಮೇಲೆ, ಹಿಂದಿನ ಸಾಲಿನ ಕಡೆ ಬಾಗಿಸಿ. ಮೈಕಿನ ಹಿಂದೆ ಸ್ಪೀಕರ್ ಇದ್ದರೆ ಕೂಗುತ್ತದೆ, ಅದಕ್ಕೆ ಯಾವ ಯಂತ್ರವೂ ಮದ್ದಲ್ಲ. ವೇದಿಕೆ ಅಂಚಿಗೆ ಇಡುವ ಚಪ್ಪಟೆ ಮೈಕ್ ಎರಡು ಮೂರು ತನ್ನಿ. ಹಾಲ್ ಸರಿ ಇದ್ದರೆ ಮಕ್ಕಳ ನಾಟಕಕ್ಕೆ ಅಷ್ಟು ಸಾಕು.

ಇಂಜಿನಿಯರ್ ಜೊತೆ ಒಂದು ದಿನ ಕಲಬುರಗಿಗೆ ಹೋಗಿ ಎಸ್.ಎಂ. ಪಂಡಿತ್ ರಂಗಮಂದಿರವನ್ನು ವೇದಿಕೆ ಹಿಂಬದಿಯಿಂದ ನೋಡಿಕೊಂಡು ಬನ್ನಿ. ಕಲಬುರಗಿ ರಂಗಾಯಣದವರಲ್ಲಿ ಲೈಟು ನೋಡುವವರನ್ನು ಮಾತಾಡಿಸಿ, ಅವರ ದೂರುಗಳನ್ನು ಬರೆದುಕೊಳ್ಳಿ. ಅಲ್ಲಿ ಅವರಿಗೆ ಏನು ಕೊರತೆ ಅಂತ ಕೇಳಿದರೆ ನಿಮಗೆ ಏನು ಬೇಕು ಅಂತ ಅರ್ಧ ತಿಳಿಯುತ್ತದೆ.

ಹೊಸ ನಕ್ಷೆ ಬಂದ ಮೇಲೆ ಮೇಲಿನಿಂದ ನೋಡಿದ ಚಿತ್ರ ಮಾತ್ರ ಸಾಲದು, ಕಟ್ಟಡವನ್ನು ಉದ್ದಕ್ಕೆ ಸೀಳಿ ಪಕ್ಕದಿಂದ ತೋರಿಸುವ ಚಿತ್ರವನ್ನೂ ಕೇಳಿ ಪಡೆಯಿರಿ. ಅದರಲ್ಲಿ ತೊಲೆಗಳ ಕೆಳಮಟ್ಟ ಬರೆದಿರಲಿ. ಅದನ್ನು ಕಳಿಸಿದರೆ ನಾಲ್ಕು ಪೈಪು ಎಲ್ಲಿ ಬರಬೇಕು, ಹದಿನಾರು ಕೊಕ್ಕೆ ಎಲ್ಲೆಲ್ಲಿ ಅಂತ ಗುರುತು ಹಾಕಿ ವಾಪಸ್ ಕೊಡುತ್ತೇನೆ. ಕಬ್ಬಿಣ ಕಟ್ಟೋಕೆ ಶುರು ಮಾಡುವ ಹದಿನೈದು ದಿನ ಮೊದಲು ಕಳಿಸಿ, ಹಿಂದಿನ ರಾತ್ರಿ ಅಲ್ಲ.